ದಾಹಪ್ಪನಿಗೊಂದು ಫ್ಯಾನು

ನಮ್ಮ ಪಿಕಪ್ ಗಾಡಿಗೆ ದಾಹಪ್ಪ ಎಂದು ಹೆಸರಿಟ್ಟವರು ನಮ್ಮ ಅತ್ತೆ. ಸುಮ್ಮನೆ ಇಟ್ಟದ್ದಲ್ಲ. ಗುಡ್ಡದ ಮೇಲಿನ ಹಾಸ್ಟೆಲ್ಲಿಗೆ ದಿನಾ ಬೆಳಿಗ್ಗೆ ನಲವತ್ತು ಕ್ಯಾನ್ ಕುಡಿಯುವ ನೀರು ಹೊತ್ತುಕೊಂಡು ಹೋಗುವ ಗಾಡಿ ಅದು. ಇಲ್ಲಿಂದ ಹೊರಡುವಾಗ ನಲವತ್ತು ಇದ್ದದ್ದು ಅಲ್ಲಿ ಇಳಿಸುವಾಗ ಮೂವತ್ತೆಂಟಾಗಿರುತ್ತಿತ್ತು. ಏರಿನಲ್ಲಿ ಎಂಜಿನ್ ಕುದಿದು ಬುಸುಗುಟ್ಟಿ ನಿಂತಾಗ ನನ್ನ ಗಂಡ ಅದು ಆರುವವರೆಗೆ ಕಾದು, ಹಿಂದಿನಿಂದ ಒಂದು ಕ್ಯಾನ್ ತಂದು ರೇಡಿಯೇಟರಿಗೆ ಹೊಯ್ಯುತ್ತಿದ್ದರು. ಇನ್ನೆರಡು ತಿರುವು ದಾಟಿದ ಮೇಲೆ ಇನ್ನೊಂದು. "ಮಕ್ಕಳ ಬಾಯಿಗೆ ಹೋಗ್ಬೇಕಾದ ನೀರನ್ನ ಇವನೇ ಗಟಗಟ ಕುಡೀತಾನಲ್ಲೇ, ದಾಹಪ್ಪ!" ಎಂದು ಅತ್ತೆ ಒಂದು ದಿನ ಬಾನೆಟ್ಟಿನ ಮೇಲೆ ಗುದ್ದಿದರು. ಅಂದಿನಿಂದ ಅದೇ ಹೆಸರು ನಿಂತಿತು.

ನಾನು ಫ್ಯಾನ್ ರಿಪೇರಿಯವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಸುಟ್ಟುಹೋದ ಸೀಲಿಂಗ್ ಫ್ಯಾನುಗಳ ಹೊಟ್ಟೆ ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಬಳಿದು ಒಣಗಿಸಿ ಕೊಡುವುದನ್ನು ಇಪ್ಪತ್ತೊಂದು ವರ್ಷದಿಂದ ಮಾಡುತ್ತಿದ್ದೇನೆ. ಬೀದಿಯವರಿಗೆಲ್ಲ ನಾನು ಫ್ಯಾನಕ್ಕ. ಎದುರಿಗೆ ಅಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಏನೆನ್ನುತ್ತಾರೆ ಎಂಬುದೂ ನನಗೆ ಗೊತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಬಚ್ಚಿಡುವ ಅಭ್ಯಾಸ ನನಗಿಲ್ಲ, ಇದ್ದಿದ್ದರೆ ಈ ಕಥೆ ಅರ್ಧಕ್ಕೇ ಮುಗಿದಿರುತ್ತಿತ್ತು.

ನನ್ನ ಗಂಡ ಮೊದಲು ದೊಡ್ಡ ಲಾರಿ ಓಡಿಸುತ್ತಿದ್ದವರು. ಹೋದ ವರ್ಷ ಲೋಡಿನ ಮೇಲೆ ಹತ್ತಿ ಹಗ್ಗ ಬಿಗಿಯುವಾಗ ಹಗ್ಗ ಕಿತ್ತುಬಂದು, ಮೇಲಿಂದ ನೆಲಕ್ಕೆ ಬಿದ್ದರು. ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಮೂಳೆ ಕೂಡಿಕೊಂಡಿತು, ಮನುಷ್ಯ ಕೂಡಿಕೊಳ್ಳಲಿಲ್ಲ. ಎಂಟು ತಿಂಗಳು ಹಿಂದಿನ ಕೋಣೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಊಟ ಎಂದರೆ ಊಟ, ಬೇಡ ಎಂದರೆ ಬೇಡ, ಅಷ್ಟೇ ಮಾತು. ಆ ಗೋಡೆಯಲ್ಲಿ ಸುಣ್ಣ ಎದ್ದು ಬಂದ ಜಾಗವೊಂದಿದೆ. ಅದನ್ನೇ ನೋಡುತ್ತಿದ್ದರು. ಅವರ ಬೆನ್ನಿನ ಜೊತೆ ಮಾತಾಡಿ ಮಾತಾಡಿ ನನಗೆ ಸಾಕಾಗಿ ಹೋಗಿತ್ತು. ಎಷ್ಟೋ ಸಲ ಅಂಗಡಿಯಲ್ಲಿ ತಂತಿ ಸುತ್ತುತ್ತಾ ಅತ್ತಿದ್ದೇನೆ, ಯಾರಾದರೂ ಬಂದರೆ ವಾರ್ನಿಷ್ ಘಾಟು ಎನ್ನುತ್ತಿದ್ದೆ.

ಹಾಸ್ಟೆಲ್ಲಿನ ನೀರಿನ ಕೆಲಸ ಬಂದದ್ದೇ ತಡ, ಅವರು ಎದ್ದು ಕೂತರು. ಹೊಲದ ಬದಿಗೆ ನಿಂತು ತುಕ್ಕು ಹಿಡಿಯುತ್ತಿದ್ದ ಹಳೇ ಪಿಕಪ್ಪನ್ನು ತಂದು ತೊಳೆದರು. ತಾವೇ ಗಡ್ಡ ಹೆರೆದುಕೊಂಡರು. ಕುಂಟುತ್ತಾ ಹೋಗಿ, ಕುಂಟುತ್ತಾ ಬಂದು, "ಇವತ್ತು ಒಂದು ಮಗು ನನಗೆ ನೀರಿನ ಅಂಕಲ್ ಅಂತು," ಎಂದರು. ಅವತ್ತು ನಾನು ಮೂರು ಫ್ಯಾನು ಹೆಚ್ಚಿಗೆ ಸುತ್ತಿದೆ.

ಹಾಗಾಗಿ, ಆ ಗುರುವಾರ ಅವರು ಹನ್ನೊಂದಕ್ಕೆ ಮನೆಗೆ ಬಂದು, ಕೀಲಿಯನ್ನು ಮೊಳೆಗೆ ನೇತುಹಾಕಿ, ಹಿಂದಿನ ಕೋಣೆಯ ಕಡೆ ನೋಡಿದಾಗ ನಾನು ಕೈಯಲ್ಲಿದ್ದ ತಂತಿ ಬಿಟ್ಟು ಎದ್ದೆ.

"ಏನಾಯ್ತು ರೀ?"

"ಎರಡು ಸಲ ಕುದೀತು, ಇವತ್ತು ಆರೋಕೇ ಬಹಳ ಹೊತ್ತು ಹಿಡೀತು. ಮಕ್ಕಳು ನೀರಿಲ್ದೆ ಕ್ಲಾಸಿಗೆ ಹೋದ್ವಂತೆ. ವಾರ್ಡನ್ ಮೇಡಂ ಹೇಳಿದ್ರು, ನಾಳೆಯಿಂದ ಮೂರು ದಿನ ಹಾಸ್ಟೆಲ್ ರಜೆ, ಅಷ್ಟರಲ್ಲಿ ಗಾಡಿ ಸರಿ ಮಾಡ್ಕೊಳ್ಳಿ ಅಂತ. ಸೋಮವಾರ ಎಂಟು ಗಂಟೆಗೆ ನಲವತ್ತು ಕ್ಯಾನ್ ಅಲ್ಲಿರ್ಬೇಕು. ಇಲ್ಲಾಂದ್ರೆ ಬೇರೆ ಗಾಡಿ."

"ಸರಿ, ಮಾಡೋಣ ಬಿಡಿ."

"ಏನು ಮಾಡೋದು? ಅದರ ಕಾಲ ಮುಗೀತು ಕಣೇ. ನಂದೂ ಮುಗೀತು."

ಮಂಚದ ಕಡೆ ಹೊರಟವರ ಮುಂದೆ ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಮತ್ತೆ ಆ ಗೋಡೆಗೆ ಈ ಮನುಷ್ಯನನ್ನು ಬಿಟ್ಟುಕೊಡುವುದಿಲ್ಲ ಎಂದು ಅಲ್ಲೇ ನಿರ್ಧಾರ ಮಾಡಿದೆ. "ನಡೀರಿ ಮೇಸ್ತ್ರಿ ಹತ್ರ," ಎಂದೆ.

ನಮ್ಮ ಬೀದಿಯ ಕೊನೆಯಲ್ಲಿರುವ ಗಾಡಿ ಮೇಸ್ತ್ರಿಯ ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಏನು ಕೇಳಿದರೂ ಅವನ ಮೊದಲ ಮಾತು "ಆಗಲ್ಲ". ಆಮೇಲೆ ಮಾಡಿಕೊಡುತ್ತಾನೆ. ಅದಕ್ಕೇ ಅವನನ್ನು ಎಲ್ಲರೂ ಆಗಲ್ಲ ಮೇಸ್ತ್ರಿ ಎನ್ನುವುದು. ನನಗೆ ಜಗತ್ತಿನಲ್ಲಿ ಆ ಒಂದು ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ಅವನು ಬಾನೆಟ್ ಎತ್ತಿ, ರೇಡಿಯೇಟರಿನ ಹಿಂದಿದ್ದ ಫ್ಯಾನನ್ನು ಬೆರಳಿನಿಂದ ತಳ್ಳಿದ. ಅದು ಮಕ್ಕಳಾಟದ ಚಕ್ರದ ಹಾಗೆ ಗಿರಗಿರ ತಿರುಗಿತು. "ನೋಡಕ್ಕಾ, ಈ ಫ್ಯಾನು ಬೆಲ್ಟಿಂದ ತಿರುಗೋದು. ಮಧ್ಯ ಒಂದು ಕ್ಲಚ್ ಇದೆ. ಎಂಜಿನ್ ಬಿಸಿಯಾದಾಗ ಅದು ಗಟ್ಟಿಯಾಗಿ ಹಿಡ್ಕೊಂಡು ಫ್ಯಾನನ್ನ ಜೋರಾಗಿ ತಿರುಗಿಸ್ಬೇಕು. ಇದು ಹಿಡೀತಾನೇ ಇಲ್ಲ. ಸೋಮಾರಿಯಾಗಿದೆ."

"ಹೊಸದು ಹಾಕು."

"ಆಗಲ್ಲ. ಈ ಮಾಡೆಲ್ ನಿಂತು ಎಷ್ಟೋ ವರ್ಷ ಆಯ್ತು. ಕ್ಲಚ್ ಎಲ್ಲೂ ಸಿಗಲ್ಲ."

"ಹಾಗಾದ್ರೆ ಈ ಫ್ಯಾನನ್ನೇ ಕಿತ್ತು ಬಿಸಾಕು. ಕರೆಂಟ್ ಫ್ಯಾನ್ ಹಾಕೋಣ. ಈಗಿನ ಕಾರುಗಳಲ್ಲಿ ಇರುತ್ತಲ್ಲ, ಬ್ಯಾಟರಿ ಮೇಲೆ ಓಡೋದು."

"ಆಗಲ್ಲ."

"ಯಾಕಾಗಲ್ಲ?"

"ಈ ಗಾಡಿಗೆ ಅದು ಬರಲ್ಲ ಅಕ್ಕಾ."

"ಬರಲ್ಲ ಅಂದ್ರೆ ನಾವೇ ಕರ್ಕೊಂಡು ಬರೋಣ. ನಾನೇನು ಇಪ್ಪತ್ತೊಂದು ವರ್ಷದಿಂದ ಕಡಲೆಕಾಯಿ ಮಾರ್ತಿದೀನಾ? ಫ್ಯಾನಿಗೆ ಕರೆಂಟ್ ಕೊಡೋ ಕೆಲಸ ನಂದು. ಕಬ್ಬಿಣದ ಕೆಲಸ ನಿಂದು. ಇನ್ನೊಂದ್ಸಲ ಆಗಲ್ಲ ಅಂದ್ರೆ ನಿನ್ನ ಅಂಗಡಿ ಫ್ಯಾನ್ ನಾನು ಈ ಜನ್ಮದಲ್ಲಿ ಮುಟ್ಟಲ್ಲ."

ಅವನ ಅಂಗಡಿಯ ಫ್ಯಾನು ಆಗಲೇ ಕಟಕಟ ಎನ್ನುತ್ತಿತ್ತು. ಅವನು ಒಮ್ಮೆ ಅದರ ಕಡೆ ನೋಡಿದ, ಒಮ್ಮೆ ನನ್ನ ಕಡೆ. ಸ್ಪ್ಯಾನರ್ ಕೈಗೆತ್ತಿಕೊಂಡ. ನನ್ನ ಗಂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ನಗು ನೋಡಿ ನನಗೆ ಅರ್ಧ ಕೆಲಸ ಮುಗಿದಷ್ಟು ಸಮಾಧಾನವಾಯಿತು.

ಶುಕ್ರವಾರ ಬೆಳಿಗ್ಗೆ ಗುಜರಿ ಅಂಗಡಿಗೆ ಹೋದೆ. ಮುಂಭಾಗ ಜಜ್ಜಿಹೋದ ಕಾರುಗಳೇ ಹೆಚ್ಚು ಇರುವ ಜಾಗ. ಫ್ಯಾನು ಇರುವುದೂ ಮುಂಭಾಗದಲ್ಲೇ, ಹಾಗಾಗಿ ಒಂಬತ್ತು ಕಾರಿನ ಬಾನೆಟ್ ಎತ್ತಿದರೂ ಒಂದು ಸರಿಯಾದ ಫ್ಯಾನು ಸಿಗಲಿಲ್ಲ. ಹತ್ತನೆಯದರ ಬೆನ್ನಿಗೆ ಯಾರೋ ಗುದ್ದಿದ್ದರು, ಮುಖ ಹಾಗೇ ಇತ್ತು. ಪುಣ್ಯಾತ್ಮ! ಅದರ ಫ್ಯಾನನ್ನು ಚೌಕಟ್ಟಿನ ಸಮೇತ ಬಿಚ್ಚಿಕೊಂಡೆ. ಮೋಟರಿನಿಂದ ಹೊರಟ ಎರಡು ವೈರು ಬಿಸಿಗೆ ಬೆಂದು ಬೂದು ಬಣ್ಣಕ್ಕೆ ತಿರುಗಿದ್ದವು. ತುದಿಯ ಸಾಕೆಟ್ಟು ಕರಗಿಹೋಗಿತ್ತು. ಕತ್ತರಿಸಿ ಬಿಸಾಕಿದೆ. ಎರಡು ವೈರು ತಾನೇ, ಅದೇನು ಮಹಾ!

ಶನಿವಾರ ಇಡೀ ದಿನ ನಮ್ಮ ಮನೆಯ ಮುಂದೆಯೇ ಕೆಲಸ ನಡೆಯಿತು. ಮೇಸ್ತ್ರಿ ಹಳೇ ಫ್ಯಾನನ್ನೂ ಸೋಮಾರಿ ಕ್ಲಚ್ಚನ್ನೂ ಕಿತ್ತ. ಹೊಸ ಫ್ಯಾನು ರೇಡಿಯೇಟರಿನ ಹಿಂದೆ, ಎಂಜಿನ್ನಿನ ಕಡೆಗೆ ಕೂರಬೇಕಿತ್ತು. ಅದಕ್ಕೆ ನಾಲ್ಕು ಕಬ್ಬಿಣದ ಪಟ್ಟಿ ಬಗ್ಗಿಸಿ ತೂತು ಕೊರೆದು ಭದ್ರವಾಗಿ ಕೂರಿಸಿ, "ಇದೇನು ಆಗಲ್ಲ ಅಂತ ನಾನು ಹೇಳೇ ಇಲ್ಲಪ್ಪ," ಎನ್ನುತ್ತಾ, ಬೇರೆ ಗಿರಾಕಿ ಕಾಯುತ್ತಿದ್ದಾರೆಂದು ಹೊರಟ. ಆಮೇಲೆ ನನ್ನ ಪಾಳಿ. ದಪ್ಪ ವೈರು ಎಳೆದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟೆ. ನೀರು ಬಿಸಿಯಾದಾಗ ತಾನೇ ಫ್ಯಾನು ಹಾಕಿ, ತಣ್ಣಗಾದಾಗ ಆರಿಸುವ ಸ್ವಿಚ್ಚೊಂದನ್ನು ರೇಡಿಯೇಟರಿಗೆ ತಿರುಪಿ ಕೂರಿಸಿದೆ. ಎಲ್ಲಾ ಜೋಡಣೆಗೂ ಬೆಸುಗೆ ಹಾಕಿ ಮೇಲೆ ಪ್ಲಾಸ್ಟಿಕ್ ಕೊಳವೆ ಏರಿಸಿದೆ. ನನ್ನ ಗಂಡ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಟಾರ್ಚ್ ಹಿಡಿದಿದ್ದರು.

ಸಂಜೆ ಐದಕ್ಕೆ ಎಂಜಿನ್ ಚಾಲೂ ಮಾಡಿದೆವು. ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ನಿಧಾನವಾಗಿ ಏರಿತು, ಅರ್ಧ ದಾಟಿತು. ಟಕ್ ಎಂದು ಶಬ್ದ. ಫ್ಯಾನು ಭರ್ರೆಂದು ತಿರುಗತೊಡಗಿತು! ನಾನು ಗಾಡಿಯ ಮುಂದೆ ನಿಂತಿದ್ದೆ. ಜಾಲರಿಯ ಸಂದಿಯಿಂದ ಬಿಸಿಗಾಳಿ ಬಂದು ನನ್ನ ಮುಖಕ್ಕೆ ಬಡಿಯಿತು. ಕೂದಲು ಹಾರಿತು. ಇಪ್ಪತ್ತೊಂದು ವರ್ಷ ಫ್ಯಾನು ಸುತ್ತಿದವಳಿಗೆ ಮುಖಕ್ಕೆ ಗಾಳಿ ಬಡಿಯುವುದಕ್ಕಿಂತ ಬೇರೆ ಯಾವ ಸರ್ಟಿಫಿಕೇಟು ಬೇಕು? ಐದು ನಿಮಿಷಕ್ಕೆ ಮುಳ್ಳು ಇಳಿಯಿತು, ಫ್ಯಾನು ನಿಂತಿತು. ಮತ್ತೆ ಏರಿತು, ಮತ್ತೆ ಫ್ಯಾನು ಹತ್ತಿತು, ಮತ್ತೆ ಇಳಿಯಿತು.

ಅತ್ತೆಗೆ ಮೊಣಕಾಲು ನೋವು, ಸಂಜೆಯ ತಂಪಿಗೆ ಇನ್ನೂ ಜಾಸ್ತಿ. ಅವರು ಒಳಗಿನಿಂದ ಕುರ್ಚಿ ತಂದು ಗಾಡಿಯ ಮೂತಿಯೆದುರು ಹಾಕಿಕೊಂಡು ಕೂತುಬಿಟ್ಟರು. "ಆಹಾ, ಎಂಥಾ ಬೆಚ್ಚನೆ ಗಾಳಿನೇ! ಮೊಣಕಾಲಿಗೆ ಹಿತವಾಗಿದೆ. ದಾಹಪ್ಪ ಇಷ್ಟು ದಿನಕ್ಕೆ ಒಂದು ಉಪಕಾರ ಮಾಡ್ದ ನೋಡು."

ನಾವು ಮೂವರೂ ನಕ್ಕೆವು. ನನಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಪರೀಕ್ಷೆಗೆಂದು ನಲವತ್ತು ಕ್ಯಾನಿಗೂ ನಲ್ಲಿ ನೀರು ತುಂಬಿ, ನಾವಿಬ್ಬರೂ ಗುಡ್ಡದ ರಸ್ತೆ ಹಿಡಿದೆವು. ಮೊದಲನೇ ತಿರುವು ಸಲೀಸು. ಎರಡನೆಯದಕ್ಕೆ ಫ್ಯಾನು ಹತ್ತಿದ ಶಬ್ದ ಕೇಳಿತು. "ಹತ್ತಿತು!" ಎಂದೆ. ಮುಳ್ಳು ಇಳಿಯುವುದನ್ನೇ ಕಾದೆ. ಅದು ಇಳಿಯಲಿಲ್ಲ. ಏರಿತು. ಮೂರನೇ ತಿರುವಿನಲ್ಲಿ ಕೆಂಪು ಗೆರೆ ಮುಟ್ಟಿತು, ಬಾನೆಟ್ಟಿನ ಅಂಚಿನಿಂದ ಹಬೆ ಎದ್ದಿತು.

ನನ್ನ ಗಂಡ ಗಾಡಿ ಬದಿಗೆ ನಿಲ್ಲಿಸಿದರು, ಎಂಜಿನ್ ಆರಿಸಲಿಲ್ಲ. ನೋಡನೋಡುತ್ತಿದ್ದಂತೆ ಮುಳ್ಳು ತಾನೇ ಇಳಿಯಿತು! ಮತ್ತೆ ಹೊರಟೆವು. ಮುನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ಕೆಂಪು. ಮತ್ತೆ ನಿಂತೆವು, ಮತ್ತೆ ಇಳಿಯಿತು.

"ವಿಚಿತ್ರ ಕಣೇ," ಎಂದರು ಅವರು. "ನಿಂತ್ರೆ ತಣ್ಣಗಾಗುತ್ತೆ, ಓಡಿದ್ರೆ ಕುದಿಯುತ್ತೆ. ಓಡುವಾಗ ಎದುರುಗಾಳಿನೂ ಸಿಗುತ್ತಲ್ಲ, ಇನ್ನೂ ತಣ್ಣಗಿರ್ಬೇಕು. ಇಷ್ಟು ವರ್ಷದಲ್ಲಿ ಇಂಥದ್ದು ನಾನು ನೋಡಿಲ್ಲ."

ನಾನು ಕೇಳಿಸಿಕೊಂಡೆನೇ? ಇಲ್ಲ. ಮೂರು ದಿನದ ಕೆಲಸ, ಬೆಸುಗೆಯಿಂದ ಕೈ ಸುಟ್ಟ ಗಾಯ, ಕಣ್ಣೆದುರು ಏಳುತ್ತಿದ್ದ ಹಬೆ, ಎಲ್ಲಾ ಸೇರಿ ಪಿತ್ತ ನೆತ್ತಿಗೇರಿತ್ತು. "ಫ್ಯಾನ್ ತಿರುಗ್ತಿದೆ, ಕಣ್ಣಿಗೆ ಕಾಣಲ್ವಾ? ನನ್ನ ಕೆಲಸ ಸರಿಯಾಗೇ ಇದೆ. ಓಡಿಸೋದು ಸರಿಯಿಲ್ಲ. ನಿಮಗೆ ಏರಲ್ಲಿ ಗೇರ್ ಹಾಕೋದೇ ಮರ್ತೋಗಿದೆ. ನಿಮ್ಮ ಕೈಲಿ ಇನ್ನು ಆಗಲ್ಲ!"

ಆಗಲ್ಲ. ಯಾವ ಮಾತಿಗೆ ಮೇಸ್ತ್ರಿಯ ಮೇಲೆ ಎಗರಿ ಬಿದ್ದಿದ್ದೆನೋ ಅದೇ ಮಾತು ನನ್ನ ಬಾಯಿಂದ ಬಂದಿತ್ತು. ಬಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಏನು ಪ್ರಯೋಜನ? ಅವರು ಗಾಡಿ ತಿರುಗಿಸಿದರು. ಮನೆಗೆ ಬಂದು ಕೀಲಿ ಮೊಳೆಗೆ ಹಾಕಿದರು, ಚಪ್ಪಲಿ ಬಿಟ್ಟರು, ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು.

ನಾನು ಅವರ ಬೆನ್ನು ನೋಡಿದೆ. ಆ ಗೋಡೆಗೆ ಬಿಟ್ಟುಕೊಡುವುದಿಲ್ಲ ಎಂದಿದ್ದ ಮನುಷ್ಯನನ್ನು ಒಂದೇ ಮಾತಿನಲ್ಲಿ ನಾನೇ ಬಿಟ್ಟುಕೊಟ್ಟಿದ್ದೆ.

ಅಲ್ಲಿ ನಿಂತು ಅತ್ತರೆ ಆಗುವುದೇನು? ಸೋಮವಾರ ಎಂಟು ಗಂಟೆ ಯಾರಿಗೂ ಕಾಯುವುದಿಲ್ಲ. ಸೀದಾ ಹೊರಗೆ ಬಂದು ಬಾನೆಟ್ ಎತ್ತಿದೆ. ಫ್ಯೂಸ್ ನೋಡಿದೆ, ಸರಿ. ಬೆಸುಗೆ ಜಗ್ಗಿದೆ, ಗಟ್ಟಿ. ಮೀಟರ್ ಹಿಡಿದು ಮೋಟರಿನವರೆಗೆ ಹನ್ನೆರಡು ವೋಲ್ಟೂ ಪೂರ್ತಿ ಬರುತ್ತಿದೆಯೇ ಎಂದು ಅಳೆದೆ, ಬರುತ್ತಿತ್ತು. ರೇಡಿಯೇಟರಿನ ನೀರು ನೋಡಿದೆ, ತುಂಬಿತ್ತು. ಎಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟೆ. ಫ್ಯಾನು ಹತ್ತಿತು. ಮುಳ್ಳು ಇಳಿಯಿತು. ಎಲ್ಲವೂ ಸರಿ. ಎಲ್ಲವೂ ಸರಿಯಿದ್ದರೆ ಕುದಿಯುವುದು ಯಾಕೆ ಮಾರಾಯ? ದಾಹಪ್ಪನ ಟೈರಿಗೆ ಒಂದು ಒದ್ದೆ. ನೋವಾದದ್ದು ನನ್ನ ಹೆಬ್ಬೆರಳಿಗೆ.

ಆಗ ಅತ್ತೆ ಬಕೆಟ್ ಹಿಡಿದು ಹೊರಗೆ ಬಂದರು. ಅವತ್ತು ಮೋಡ, ಬೆಳಿಗ್ಗೆ ಒಗೆದ ದಿಂಬಿನ ಚೀಲಗಳು ಹಾಗೇ ಹಸಿಯಾಗಿದ್ದವು. "ಹೇಗೂ ಓಡ್ತಿದೆಯಲ್ಲ, ಇದೊಂದನ್ನಾದ್ರೂ ಒಣಗಿಸ್ಕೊತೀನಿ," ಎಂದು ಒಂದು ದಿಂಬಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಜಾಲರಿಯ ಮುಂದೆ ಅಗಲಿಸಿದರು. ಗಾಳಿ ತುಂಬಿ ಚೀಲ ಉಬ್ಬಿತು, ಫಟ್ಟೆಂದು ಅವರ ಮುಖಕ್ಕೇ ಬಡಿಯಿತು.

"ಥೂ ಇವನ! ಮುಖಕ್ಕೇ ಹೊಡೀತಾನಲ್ಲೇ!"

ಅಷ್ಟು ದುಃಖದಲ್ಲೂ ನನಗೆ ನಗು ಬಂತು. ಅರ್ಧ ನಕ್ಕವಳು ಅಲ್ಲೇ ನಿಂತೆ.

"ಅತ್ತೆ, ಇನ್ನೊಂದ್ಸಲ ಹಿಡೀರಿ."

"ಯಾಕೆ, ಇನ್ನೊಂದು ಏಟು ಬೇಕಾ ನನಗೆ?"

"ಹಿಡೀರಿ ಅತ್ತೆ!"

ಹಿಡಿದರು. ಚೀಲ ಮತ್ತೆ ಹೊರಗೇ ಹಾರಿತು. ಗಾಡಿ ಹೊಲದ ಬದಿ ಸೇರುವ ಮೊದಲು ಪ್ರತಿ ಭಾನುವಾರ ಅದನ್ನು ತೊಳೆಯುತ್ತಿದ್ದವಳು ನಾನೇ. ಹಳೇ ಫ್ಯಾನು ಚೆನ್ನಾಗಿದ್ದ ಕಾಲದಲ್ಲಿ ಆ ಜಾಲರಿಗೆ ಏನೇನು ಅಂಟಿಕೊಂಡಿರುತ್ತಿತ್ತು! ಒಣಗಿದ ಎಲೆ, ಪ್ಲಾಸ್ಟಿಕ್ ಚೀಲ, ಹಕ್ಕಿಯ ಪುಕ್ಕ. ರಸ್ತೆಯ ಕಸವನ್ನೆಲ್ಲ ಅದು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಹೌದು, ಎಳೆದುಕೊಳ್ಳುತ್ತಿತ್ತು! ಮನೆಯ ಫ್ಯಾನು ಇರುವುದು ನಮ್ಮ ಮೈಗೆ ಗಾಳಿ ಕೊಡಲು. ಗಾಡಿಯ ಫ್ಯಾನಿಗೆ ನಮ್ಮ ಉಸಾಬರಿಯೇ ಬೇಡ. ಅದು ಹೊರಗಿನ ತಣ್ಣನೆ ಗಾಳಿಯನ್ನು ರೇಡಿಯೇಟರಿನ ಮೂಲಕ ಒಳಕ್ಕೆ ಸೆಳೆಯಬೇಕು. ನನ್ನದು ಎಂಜಿನ್ನಿನ ಬಿಸಿಗಾಳಿಯನ್ನು ಹೊರಕ್ಕೆ ಊದುತ್ತಿತ್ತು. ನಿಂತಾಗ ಹೇಗೋ ನಡೆಯುತ್ತಿತ್ತು, ಯಾವ ಕಡೆಗಾದರೇನು, ಒಂದಿಷ್ಟು ಗಾಳಿ ಆಡುತ್ತಿತ್ತಲ್ಲ. ಓಡುವಾಗ ಎದುರುಗಾಳಿ ಒಳಕ್ಕೆ ನುಗ್ಗುತ್ತದೆ, ಫ್ಯಾನು ಅದನ್ನು ಹೊರಕ್ಕೆ ದಬ್ಬುತ್ತದೆ. ಇಬ್ಬರ ಜಗಳದಲ್ಲಿ ರೇಡಿಯೇಟರಿಗೆ ಗಾಳಿಯೇ ಇಲ್ಲ.

ನಿಂತ್ರೆ ತಣ್ಣಗಾಗುತ್ತೆ, ಓಡಿದ್ರೆ ಕುದಿಯುತ್ತೆ. ನನ್ನ ಗಂಡ ಉತ್ತರವನ್ನು ನನ್ನ ಕೈಗೇ ಇಟ್ಟಿದ್ದರು. ನಾನು ಅವರ ಮೇಲೆ ಕೂಗಾಡಿದ್ದೆ.

ಇನ್ನು ಫ್ಯಾನು ಉಲ್ಟಾ ತಿರುಗಿದ್ದು ಯಾಕೆ? ಅದು ನನ್ನ ಕಸುಬಿನ ಹೆಡ್ಡತನ. ಮನೆಯ ಕರೆಂಟಿಗೆ ಹಿಂದು ಮುಂದು ಇಲ್ಲ. ಸೀಲಿಂಗ್ ಫ್ಯಾನಿಗೆ ಬರುವ ಎರಡು ವೈರನ್ನು ಹೇಗೆ ಕೊಟ್ಟರೂ ಅದು ತಿರುಗುವ ದಿಕ್ಕಿಗೇ ತಿರುಗುತ್ತದೆ. ಇಪ್ಪತ್ತೊಂದು ವರ್ಷ ಹಾಗೇ ಕೊಟ್ಟವಳು ನಾನು. ಬ್ಯಾಟರಿಯ ಕರೆಂಟು ಹಾಗಲ್ಲ. ಅಲ್ಲಿ ಒಂದು ಪ್ಲಸ್, ಒಂದು ಮೈನಸ್. ಅದಲುಬದಲಾದರೆ ಮೋಟರು ಹಿಂದಕ್ಕೆ ತಿರುಗುತ್ತದೆ. ನನಗೆ ಗೊತ್ತಿಲ್ಲದ ವಿಷಯವಲ್ಲ ಅದು. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಎರಡು ವೈರು ತಾನೇ, ಅದೇನು ಮಹಾ ಎಂದಿದ್ದೆನಲ್ಲ, ಅನುಭವಿಸಿದೆ.

ಎಂಜಿನ್ ಆರಿಸಿ, ಕೊಳವೆ ಸೀಳಿ, ಬೆಸುಗೆ ಕರಗಿಸಿ ವೈರು ಅದಲುಬದಲು ಮಾಡಿದೆ. ಹತ್ತು ನಿಮಿಷದ ಕೆಲಸ. ಮತ್ತೆ ಚಾಲೂ. ಫ್ಯಾನು ಹತ್ತಿತು, ಈ ಸಲದ ಶಬ್ದವೇ ಬೇರೆ, ಗಟ್ಟಿಯಾದ ತುಂಬು ಶಬ್ದ. ಅತ್ತೆ ಹೆದರುತ್ತಾ ಹೆದರುತ್ತಾ ದಿಂಬಿನ ಚೀಲ ಚಾಚಿದರು. ಅವರ ಕೈಯಿಂದ ಕಿತ್ತುಕೊಂಡ ಹಾಗೆ ಅದು ಜಾಲರಿಗೆ ಹೋಗಿ ಪಚ್ಚೆಂದು ಅಂಟಿಕೊಂಡಿತು.

"ಅಯ್ಯೋ ನನ್ನ ದಿಂಬಿನ ಚೀಲ!"

"ಇರ್ಲಿ ಬಿಡಿ ಅತ್ತೆ, ಇನ್ನೊಂದು ಹೊಲಿದು ಕೊಡ್ತೀನಿ!" ಅವರನ್ನು ಅಪ್ಪಿಕೊಂಡೆ. ಮದುವೆಯಾದ ಮೇಲೆ ಅದು ಎರಡನೇ ಸಲವೋ ಮೂರನೇ ಸಲವೋ. "ಗ್ರೀಸ್ ಕೈ, ಗ್ರೀಸ್ ಕೈ!" ಎಂದು ಅವರು ಕೊಸರಿಕೊಂಡರು.

ಗಾಡಿ ಸರಿಯಾಯಿತು. ಸುಲಭದ ಕೆಲಸ ಮುಗಿಯಿತು. ಇನ್ನು ಉಳಿದದ್ದು ಹಿಂದಿನ ಕೋಣೆಯದು.

ಮಂಚದ ಅಂಚಿಗೆ ಕೂತೆ. ಅವರು ತಿರುಗಲಿಲ್ಲ. ನಿದ್ದೆ ಮಾಡುತ್ತಿರಲಿಲ್ಲ ಎಂಬುದು ಉಸಿರಿನಲ್ಲೇ ಗೊತ್ತಾಗುತ್ತಿತ್ತು. ತಪ್ಪೊಪ್ಪಿಕೊಂಡು ಅಭ್ಯಾಸವಿಲ್ಲದ ಬಾಯಿ ನನ್ನದು.

"ರೀ, ತಪ್ಪು ನಂದು. ವೈರ್ ಉಲ್ಟಾ ಕೊಟ್ಟಿದ್ದೆ. ಫ್ಯಾನ್ ಹಿಂದಕ್ಕೆ ತಿರುಗ್ತಿತ್ತು. ನಿಂತ್ರೆ ತಣ್ಣಗಾಗುತ್ತೆ, ಓಡಿದ್ರೆ ಕುದಿಯುತ್ತೆ ಅಂತ ನೀವು ಹೇಳಿದ್ದೇ ಸರಿ. ಅದ್ರಲ್ಲೇ ಎಲ್ಲಾ ಇತ್ತು. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ."

ಅವರು ಗೋಡೆಯಲ್ಲಿ ಎದ್ದ ಸುಣ್ಣವನ್ನು ಉಗುರಿನಿಂದ ಕೆರೆದರು.

"ಗೇರ್ ನೀವು ಸರಿಯಾಗೇ ಹಾಕಿದ್ರಿ. ಆಮೇಲೆ ನಾನು ಅಂದ ಇನ್ನೊಂದು ಮಾತು... ಅದು ಸುಳ್ಳು. ಸಿಟ್ಟಲ್ಲಿ ಬಂದ ಸುಳ್ಳು. ನೀವು ಮತ್ತೆ ಹೀಗೆ ಮಲಗಿಬಿಡ್ತೀರೇನೋ ಅಂತ ನನಗೆ ಜೀವ ಹೋಗೋಷ್ಟು ಭಯ. ಆ ಭಯಕ್ಕೇ ಇಷ್ಟೆಲ್ಲಾ ಮಾಡಿದ್ದು. ಕೊನೆಗೆ ನಾನೇ ಮಲಗಿಸ್ದೆ."

"ಅಂದಿದ್ದು ಅಂದಾಯ್ತು," ಎಂದರು. ಅಷ್ಟೇ. ತಿರುಗಲಿಲ್ಲ.

ಅಂಗಲಾಚುವುದು ನನಗೆ ಬರುವುದಿಲ್ಲ. "ಬೆಳಿಗ್ಗೆ ಆರೂವರೆಗೆ ಕ್ಯಾನ್ ತುಂಬಿಟ್ಟಿರ್ತೀನಿ," ಎಂದು ಎದ್ದು ಬಂದೆ.

ಸೋಮವಾರ ಆರೂವರೆಗೆ ಕ್ಯಾನುಗಳು ಗಾಡಿಯಲ್ಲಿದ್ದವು. ತುಂಬಿದವಳು ನಾನು, ಎತ್ತಿಟ್ಟವನು ಮೇಸ್ತ್ರಿ. ಯಾರೂ ಕರೆಯದೆ ಬಂದಿದ್ದ. "ಅಕ್ಕಾ, ಇದು ಮೇಲೆ ಹತ್ತೋಕೆ..." ಎಂದು ಶುರುಮಾಡಿದವನು ನನ್ನ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ. "ನಾನೂ ಹಿಂದೆ ಕೂತ್ಕೊಂಡು ಬರ್ತೀನಿ, ನನ್ನ ಪಟ್ಟಿ ನೋಡ್ಬೇಕು," ಎಂದ.

ಆರೂವರೆ ದಾಟಿತು. ಬಾಗಿಲ ಕಡೆ ನೋಡಬಾರದೆಂದು ಕ್ಯಾನುಗಳನ್ನು ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಮೇಸ್ತ್ರಿಗೆ ಬರುತ್ತದೆ, ಅವನನ್ನು ಕೂರಿಸಿ ನೀರು ತಲುಪಿಸಬಹುದಿತ್ತು. ಅದರಿಂದ ಹಾಸ್ಟೆಲ್ ಉಳಿಯುತ್ತಿತ್ತು, ನನ್ನ ಗಂಡ ಉಳಿಯುತ್ತಿರಲಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡು ಕಾದೆ. ಏಳಕ್ಕೆ ಹತ್ತು ನಿಮಿಷವಿರುವಾಗ ಒಳಗೆ ಮೊಳೆಯಿಂದ ಕೀಲಿ ತೆಗೆದ ಸದ್ದು ಕೇಳಿತು. ಗಡ್ಡ ಹೆರೆದುಕೊಂಡಿದ್ದರು. ಅದಕ್ಕೇ ತಡ.

"ಹತ್ತು," ಎಂದರು ನನಗೆ.

ಮೊದಲನೇ ತಿರುವು ದಾಟಿತು. ಎರಡನೆಯದರಲ್ಲಿ ಟಕ್ ಎಂದಿತು, ಫ್ಯಾನು ಹತ್ತಿತು. ಮೂರನೇ ತಿರುವಿಗೆ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ನನ್ನ ಬಾಯಲ್ಲಿ ಹತ್ತು ಸಲಹೆ, ಇಪ್ಪತ್ತು ಬೈಗುಳ. ಎಲ್ಲವನ್ನೂ ಹಲ್ಲು ಕಚ್ಚಿ ಹಿಡಿದುಕೊಂಡೆ. ನಾನು ಆ ನಾಲ್ಕು ದಿನದಲ್ಲಿ ಮಾಡಿದ ಅತಿ ಕಷ್ಟದ ಕೆಲಸ ಅದೇ.

"ನಿಲ್ಲಿಸ್ಲಾ?" ಎಂದು ಕೇಳಿದರು, ರಸ್ತೆಯಿಂದ ಕಣ್ಣು ತೆಗೆಯದೆ.

"ಗಾಡಿ ನಿಮ್ದು. ನೀವು ಹೇಳಿ."

ಒಂದು ಕ್ಷಣ ಮುಳ್ಳು ನೋಡಿದರು, ಒಂದು ಕ್ಷಣ ಫ್ಯಾನಿನ ಶಬ್ದಕ್ಕೆ ಕಿವಿಗೊಟ್ಟರು. "ಹೋಗ್ತೀನಿ," ಎಂದು ನೋವಿನ ಕಾಲಿನಿಂದಲೇ ಕ್ಲಚ್ ಒತ್ತಿ ಗೇರ್ ಇಳಿಸಿದರು. ಗಾಡಿ ಗುರುಗುಟ್ಟುತ್ತಾ ಏರಿತು. ಮುಳ್ಳು ಅಲ್ಲೇ ನಿಂತಿತು. ಆಮೇಲೆ ಒಂದು ಕೂದಲೆಳೆಯಷ್ಟು ಇಳಿಯಿತು. ಇನ್ನೊಂದಿಷ್ಟು. ಹಿಂದಿನಿಂದ ಮೇಸ್ತ್ರಿ ಕ್ಯಾನುಗಳ ಮಧ್ಯೆ ಎದ್ದು ನಿಂತು ಕ್ಯಾಬಿನ್ನಿನ ತಗಡಿನ ಮೇಲೆ ದಬದಬ ಬಡಿದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಅಲ್ಲಿ ವಾರ್ನಿಷ್ ಘಾಟು ಎಂದು ಹೇಳುವ ಹಾಗೂ ಇರಲಿಲ್ಲ.

ಏಳು ನಲವತ್ತಕ್ಕೆ ಹಾಸ್ಟೆಲ್ ಗೇಟು. ವಾರ್ಡನ್ ಮೇಡಂ ಗಡಿಯಾರ ನೋಡಿದರು, ಬಾನೆಟ್ ನೋಡಿದರು. "ಮೂವತ್ತೆಂಟು ತಾನೇ?" ಎಂದರು.

"ಎಣಿಸಿ ಮೇಡಂ," ಎಂದರು ನನ್ನ ಗಂಡ.

ಅವರು ನಿಜವಾಗಿಯೂ ಎಣಿಸಿದರು. ನಲವತ್ತು. "ನಾಳೆನೂ ಇದೇ ಟೈಮಿಗೆ ಬನ್ನಿ," ಎಂದು ಒಳಗೆ ಹೋದರು. ಅಷ್ಟರಲ್ಲಿ ಲೋಟ ಹಿಡಿದ ಮಕ್ಕಳ ಸಾಲು ಗಾಡಿಯ ಸುತ್ತ ಮುತ್ತಿಕೊಂಡಿತ್ತು.

ಮನೆಗೆ ಬಂದಾಗ ಅತ್ತೆ ಕುರ್ಚಿ ಹಿಡಿದು ಹೊರಗೇ ಕಾಯುತ್ತಿದ್ದರು. ದಾಹಪ್ಪ ನಿಂತದ್ದೇ ತಡ, ಅವನ ಮೂತಿಯೆದುರು ಕೂತು ಮೊಣಕಾಲು ಚಾಚಿದರು. ಐದು ನಿಮಿಷ ಕೂತು, "ಏನೇ ಇದು, ಒಂಚೂರೂ ಗಾಳಿ ಬರ್ತಿಲ್ಲ. ಮತ್ತೆ ಕೆಡಿಸಿದ್ಯಾ?" ಎಂದು ಗೊಣಗಿದರು.

"ಬರ್ದಿದ್ರೇನೇ ಸರಿ ಅತ್ತೆ," ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ನನ್ನ ಗಂಡ ಹಿಂದಿನ ಕೋಣೆಗೆ ಹೋದರು. ನಾನು ಅಂಗಡಿಯಲ್ಲಿ ಮೇಸ್ತ್ರಿಯ ಕಟಕಟ ಫ್ಯಾನು ಬಿಚ್ಚಿ ಕೂತಿದ್ದೆ. ಒಳಗಿನಿಂದ ನೆಲಕ್ಕೆ ಏನೋ ಉಜ್ಜಿದ ಶಬ್ದ ಬಂತು. ನಿಂತಿತು, ಮತ್ತೆ ಬಂತು. ಎದ್ದು ಹೋಗಿ ನೋಡಿದೆ. ಅವರು ಮಂಚವನ್ನು ಗೋಡೆಯಿಂದ ಈಚೆಗೆ ಎಳೆದಿದ್ದರು. ತಲೆಯ ಕಡೆಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಲು ಹೋಗಿ, ಅದು ಅಡ್ಡಡ್ಡ ಸಿಕ್ಕಿಕೊಂಡು, ಬೆವರೊರೆಸುತ್ತಾ ನಿಂತಿದ್ದರು.

"ಬಾಯಿಲ್ಲಿ," ಎಂದರು. ಮುಖದಲ್ಲಿ ತುಂಟ ನಗು. "ಆ ಕಡೆ ಹಿಡ್ಕೋ. ಒಬ್ಬನ ಕೈಲಿ ಆಗಲ್ಲ."

ಗ್ರೀಸ್ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಹೋಗಿ, ನಾನು ಇನ್ನೊಂದು ಕಡೆ ಹಿಡಿದೆ.